ಅಶರೀರವಾಣಿಗೆ ಮರುಪ್ರಶ್ನೆ

ಬಾಹ್ಯಾಕಾಶದ ವಿಷಯದಲ್ಲಿ ಸಾಮಾನ್ಯ ಮನುಷ್ಯ ಸ್ವಂತ ಕಣ್ಣಿನಿಂದ ಕಂಡು ಖಾತ್ರಿ ಮಾಡಿಕೊಳ್ಳಬಹುದಾದದ್ದು ಬಹಳ ಕಡಿಮೆ. 2023ರ ಆಗಸ್ಟ್ 23ರಂದು ಚಂದ್ರನ ದಕ್ಷಿಣ ಧ್ರುವದ ಸಮೀಪ ನೌಕೆಯೊಂದು ಇಳಿಯಿತು, ಆದಿತ್ಯ ಎಲ್-1 ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿದ್ದು ಸೂರ್ಯನನ್ನು ನೋಡುತ್ತಿದೆ ಎಂಬುದನ್ನು ಶಾಲೆಗೆ ಹೋಗುವ ಮಗು ನಂಬುತ್ತದೆ. ಆ ನಂಬಿಕೆಗೆ ಆಧಾರ ಇಷ್ಟೆ: ಇಸ್ರೊ ಹೇಳಿದೆ, ಟೀವಿ ತೋರಿಸಿದೆ, ಮೇಷ್ಟರು ಹೌದೆಂದಿದ್ದಾರೆ. ಅಮಾವಾಸ್ಯೆಯ ದಿನ ಪ್ರಯಾಣ ಹೊರಡಬಾರದು ಎಂದು ಅಜ್ಜಿ ಹೇಳಿದ್ದನ್ನೂ ಅದೇ ಮಗು ಅದೇ ಬಗೆಯಲ್ಲಿ ನಂಬಿರುತ್ತದೆ. ಹೇಳಿದವರು ಬೇರೆ, ನಂಬುವ ರೀತಿ ಒಂದೇ.

ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ಅರ್ಧ ಶತಮಾನದಿಂದ ವಿಜ್ಞಾನ ಮತ್ತು ತಂತ್ರಜ್ಞಾನ ಶಿಕ್ಷಣಕ್ಕೆ ಕೈಜೋಡಿಸುತ್ತ ಬಂದಿದೆ. ಉಪಗ್ರಹದ ಮೂಲಕ ಪಾಠ, ಮಕ್ಕಳಿಗೆ ಶಿಬಿರ, ಕಾಲೇಜುಗಳಿಗೆ ಸಂಶೋಧನಾ ಹಣ, ವಿದ್ಯಾರ್ಥಿಗಳ ಪುಟ್ಟ ಉಪಗ್ರಹಗಳಿಗೆ ರಾಕೆಟ್ಟಿನಲ್ಲಿ ಜಾಗ, ಹೀಗೆ ಅದರ ಪಟ್ಟಿ ಉದ್ದವಿದೆ. ಈ ಪಟ್ಟಿಯನ್ನು ಸಾಧನೆಯೆಂದು ಓದುವುದು ವಾಡಿಕೆ. ಅದರೊಳಗೆ ಒಂದು ಹಳೆಯ ತಾತ್ವಿಕ ತೊಡಕು ಇರುವುದನ್ನು ಗಮನಿಸುವವರು ಕಡಿಮೆ. ಯಾರ ಮಾತನ್ನೂ ಪರೀಕ್ಷಿಸದೆ ಒಪ್ಪಬಾರದು ಎಂಬುದು ವಿಜ್ಞಾನದ ಮೊದಲ ಪಾಠ. ಆ ಪಾಠವನ್ನು ಸರ್ಕಾರದ ದೊಡ್ಡ ಸಂಸ್ಥೆಯೊಂದು ಮೇಲೆ ನಿಂತು ಹೇಳಿಕೊಡಲು ಬರುತ್ತದೆಯೇ? ಹೇಳಿಕೊಟ್ಟದ್ದನ್ನು ಮಗು ಹಾಗೆಯೇ ಒಪ್ಪಿಕೊಂಡರೆ ಪಾಠ ತಲುಪಿತೋ, ತಪ್ಪಿತೋ?

ಭಾರತೀಯ ತರ್ಕಶಾಸ್ತ್ರ ಈ ಪ್ರಶ್ನೆಯನ್ನು ಪ್ರಮಾಣದ ಪ್ರಶ್ನೆ ಎಂದು ಕರೆಯುತ್ತದೆ. ಒಂದು ಸಂಗತಿ ನಿಜವೆಂದು ತಿಳಿಯುವ ದಾರಿಗಳು ಯಾವುವು? ಚಾರ್ವಾಕರು ಪ್ರತ್ಯಕ್ಷವೊಂದನ್ನೇ ಒಪ್ಪಿದರು. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕನ್ನು ಒಪ್ಪಿದರು. ಶಬ್ದವೆಂದರೆ ಆಪ್ತವಾಕ್ಯ, ನಂಬಲರ್ಹನಾದವನ ಮಾತು. ಯಾರು ಆಪ್ತ ಎಂಬುದಕ್ಕೆ ನ್ಯಾಯಭಾಷ್ಯ ಬರೆದ ವಾತ್ಸ್ಯಾಯನ ಕೊಡುವ ಲಕ್ಷಣ ಇವತ್ತಿಗೂ ಬೆರಗು ಹುಟ್ಟಿಸುವಂಥದ್ದು: ವಸ್ತುವನ್ನು ತಾನೇ ಕಂಡು ಅರಿತವನು, ಅರಿತದ್ದನ್ನು ಅರಿತ ಹಾಗೆಯೇ ತಿಳಿಸಬೇಕೆಂಬ ಇಚ್ಛೆ ಉಳ್ಳವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದು ಅವನು ಬಿಡಿಸಿ ಹೇಳುತ್ತಾನೆ. ಪೀಠದಿಂದಾಗಲಿ ಹುಟ್ಟಿನಿಂದಾಗಲಿ ಆಪ್ತತ್ವ ಬರುವುದಿಲ್ಲ ಎಂದಾಯಿತು.

ಆದ್ದರಿಂದ ಆಪ್ತವಾಕ್ಯವನ್ನು ನಂಬುವುದೇ ತಪ್ಪು ಎನ್ನಲಾಗದು. ಎಲ್ಲವನ್ನೂ ಎಲ್ಲರೂ ಪರೀಕ್ಷಿಸಲಾರರು. ಭೌತವಿಜ್ಞಾನಿ ಜೀವವಿಜ್ಞಾನಿಯ ಮಾತನ್ನು ನಂಬಿಯೇ ಔಷಧ ನುಂಗುತ್ತಾನೆ. ನಿಜವಾದ ತಕರಾರು ಇರುವುದು ಮುಂದಿನ ಹೆಜ್ಜೆಯಲ್ಲಿ. ತಿಳಿವಳಿಕೆ ಹುಟ್ಟಿದ ಕೂಡಲೇ ಅದು ತನ್ನಷ್ಟಕ್ಕೆ ಪ್ರಮಾಣ, ಸುಳ್ಳೆಂದು ಸಾಬೀತಾಗುವವರೆಗೂ ನಿಜ ಎಂದರು ಮೀಮಾಂಸಕರು. ಇಲ್ಲ, ಅದನ್ನು ಹೊರಗಿನಿಂದ ಪರೀಕ್ಷೆಗೆ ಒಡ್ಡಬೇಕು ಎಂದರು ನೈಯಾಯಿಕರು. ದೂರದಲ್ಲಿ ನೀರು ಕಂಡಿತು ಎಂದರೆ ಸಾಲದು, ಹೋಗಿ ಕುಡಿದು ಬಾಯಾರಿಕೆ ಇಂಗಿದರೆ ಮಾತ್ರ ಕಂಡದ್ದು ನೀರು. ಹಚ್ಚಿದ ಕೆಲಸ ಕೈಗೂಡುವುದೇ ಜ್ಞಾನಕ್ಕೆ ಒರೆಗಲ್ಲು. ಕನ್ನಡದ ಗಾದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತದೆ. ಬಾಹ್ಯಾಕಾಶ ಸಂಸ್ಥೆಯೊಂದರ ಶಿಕ್ಷಣ ಕಾರ್ಯವನ್ನು ತೂಗಲು ಈ ಒರೆಗಲ್ಲಿಗಿಂತ ಒಳ್ಳೆಯದು ಸಿಗಲಾರದು.

ಇಸ್ರೊದ ಮೊದಲ ದೊಡ್ಡ ಶಿಕ್ಷಣ ಪ್ರಯೋಗ ಶುರುವಾದದ್ದು 1975ರ ಆಗಸ್ಟ್ 1ರಂದು. ಸೈಟ್ ಎಂದು ಹೆಸರಾದ ಈ ಯೋಜನೆಗೆ ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಕೊಟ್ಟಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಉಪಗ್ರಹದಿಂದಲೇ ಟೀವಿ ಬಂತು. ಕರ್ನಾಟಕದಲ್ಲಿ ಆ ಹಳ್ಳಿಗಳಿದ್ದದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳಲ್ಲಿ. ಟೀವಿಯೆಂದರೆ ಮಹಾನಗರದ ಕೆಲವೇ ಮನೆಗಳ ವಸ್ತುವಾಗಿದ್ದ ಕಾಲ ಅದು. ಬೆಂಗಳೂರಿಗೇ ಇನ್ನೂ ದೂರದರ್ಶನ ಬಂದಿರಲಿಲ್ಲ. ರಾಯಚೂರು ಸೀಮೆಯ ಹಳ್ಳಿಯ ಸರ್ಕಾರಿ ಶಾಲೆಯ ಮೇಲೆ ಹತ್ತಡಿ ಅಗಲದ ಬೋಗುಣಿಯಂಥ ಆಂಟೆನಾ ಬಂದು ಕೂತಿತು. ಕೋಳಿಗೂಡಿಗೆ ಹೊದಿಸುವ ತಂತಿಬಲೆಯೇ ಅದರ ಮೈ. ಹೈದರಾಬಾದಿನ ಇಸಿಐಎಲ್ ತಯಾರಿಸಿದ ಟೀವಿ ಪೆಟ್ಟಿಗೆ ಅದರ ಕೆಳಗೆ. ಬೆಳಿಗ್ಗೆ ಒಂದೂವರೆ ಗಂಟೆ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ಉಪಗ್ರಹ ಒಂದು ಚಿತ್ರದ ಜೊತೆಗೆ ಎರಡು ಧ್ವನಿಗಳನ್ನು ಕಳಿಸಬಲ್ಲದಾಗಿದ್ದರಿಂದ ಆಂಧ್ರದ ಮಕ್ಕಳು ತೆಲುಗಿನಲ್ಲೂ ಕರ್ನಾಟಕದ ಮಕ್ಕಳು ಕನ್ನಡದಲ್ಲೂ ಒಂದೇ ಚಿತ್ರ ನೋಡಿದರು.

ಪುರಾಣಗಳಲ್ಲಿ ಅಶರೀರವಾಣಿ ಬರುತ್ತದೆ. ಮಾತು ಆಕಾಶದಿಂದ ಕೇಳಿಸುತ್ತದೆ, ಆಡಿದವರು ಕಾಣುವುದಿಲ್ಲ. ಕಂಸ ಅದನ್ನು ಕೇಳಿ ನಡುಗಿದನೇ ಹೊರತು ಹೇಗೆ ಗೊತ್ತು ಎಂದು ತಿರುಗಿ ಕೇಳಲಿಲ್ಲ. ಕೇಳುವ ಏರ್ಪಾಡೇ ಅಲ್ಲಿಲ್ಲ. 1930ರ ದಶಕದಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲಿ ಹುಟ್ಟುಹಾಕಿದ ರೇಡಿಯೊ ಕೇಂದ್ರಕ್ಕೆ ಆಕಾಶವಾಣಿ ಎಂಬ ಹೆಸರು ಬಂತು. ಮುಂದೆ ಅದೇ ದೇಶದ ಬಾನುಲಿಯ ಹೆಸರಾಯಿತು. ಹೆಸರು ಅಂದವಾಗಿದೆ. ಅದರ ಇಕ್ಕಟ್ಟು ಕೂಡ ಆ ಹೆಸರಿನಲ್ಲೇ ಇದೆ. ಸೈಟ್ ಅಕ್ಷರಶಃ ಆಕಾಶದ ವಾಣಿ. ಭೂಮಿಯಿಂದ 36,000 ಕಿಲೋಮೀಟರ್ ಮೇಲಿನಿಂದ ಪಾಠ ಇಳಿಯುತ್ತಿತ್ತು, ಹಳ್ಳಿಯಿಂದ ಪ್ರಶ್ನೆ ಮೇಲೇರುವ ದಾರಿ ಇರಲಿಲ್ಲ.

ಇದು ಇಸ್ರೊಗೆ ಗೊತ್ತಿರಲಿಲ್ಲ ಎನ್ನುವುದು ಅನ್ಯಾಯ. ಅಹಮದಾಬಾದಿನ ಬಾಹ್ಯಾಕಾಶ ಉಪಯೋಗ ಕೇಂದ್ರದ ಮೊದಲ ನಿರ್ದೇಶಕ ಯಶ್ ಪಾಲ್ ಸ್ವತಃ ಶಿಕ್ಷಣದ ಹುಚ್ಚು ಹಿಡಿಸಿಕೊಂಡಿದ್ದ ಭೌತವಿಜ್ಞಾನಿ. ಮಕ್ಕಳ ವಿಜ್ಞಾನ ಕಾರ್ಯಕ್ರಮಗಳನ್ನು ಮಾಡಲು ಸಂಸ್ಥೆ ಮುಂಬೈಯಲ್ಲಿ ತನ್ನದೇ ತಂಡ ಕಟ್ಟಿತು. ರಾಕೆಟ್ ಸಂಸ್ಥೆಯೊಂದು ಸಮಾಜವಿಜ್ಞಾನಿಗಳನ್ನು ನೇಮಿಸಿಕೊಂಡಿತು. ಅವರಲ್ಲಿ ಕೆಲವರು ತಿಂಗಳುಗಟ್ಟಲೆ ಹಳ್ಳಿಗಳಲ್ಲೇ ಉಳಿದು ಜನ ಏನು ನೋಡಿದರು, ಏನು ತಿಳಿದರು ಎಂದು ಬರೆದುಕೊಂಡರು. ಸುಮಾರು 50,000 ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿ ಇದೇ ಉಪಗ್ರಹದ ಮೂಲಕ ಆಯಿತು. ತರಬೇತಿಯಲ್ಲಿ ಟೀವಿ ಒಂದು ಭಾಗ ಮಾತ್ರ. ಜೊತೆಗೆ ಅಚ್ಚಾದ ಪಾಠ, ರೇಡಿಯೊ, ಕೈಯಾರೆ ಮಾಡುವ ಚಟುವಟಿಕೆಗಳಿದ್ದವು. ಶಿಕ್ಷಣದ ದೃಷ್ಟಿಯಿಂದ ಸೈಟ್‌ನ ಅತಿ ಗಟ್ಟಿ ಕೆಲಸ ಇದೇ ಎನ್ನಬೇಕು, ಯಾಕೆಂದರೆ ಇಲ್ಲಿ ಆಕಾಶದ ಮಾತನ್ನು ನೆಲದ ಮೇಲಿನ ಒಬ್ಬ ಮನುಷ್ಯ ತನ್ನದಾಗಿಸಿಕೊಂಡು ಮಗುವಿನ ಮುಂದೆ ನಿಂತ. ಮಗು ಅವನನ್ನು ಯಾಕೆ ಸಾರ್ ಎನ್ನಬಹುದಿತ್ತು.

1976ರ ಜುಲೈ 31ಕ್ಕೆ ಉಪಗ್ರಹದ ಗಡುವು ಮುಗಿಯಿತು, ಪೆಟ್ಟಿಗೆಗಳು ಮೌನವಾದವು.

ಆ ವರ್ಷ ದೇಶದಲ್ಲಿ ತುರ್ತು ಪರಿಸ್ಥಿತಿ ಇತ್ತು. ಸೈಟ್ ಶುರುವಾಗುವ ಹೊತ್ತಿಗೆ ಅದು ಜಾರಿಯಾಗಿ ಐದು ವಾರ ಕಳೆದಿತ್ತು. ಪತ್ರಿಕೆಗಳಿಗೆ ಸೆನ್ಸಾರ್ ಇದ್ದ ಕಾಲದಲ್ಲಿ ಸರ್ಕಾರದ ಮಾತು ನೇರವಾಗಿ ಹಳ್ಳಿಗೆ ಇಳಿಯುವ ಏರ್ಪಾಡು ಅದು ಎಂಬುದನ್ನು ಮರೆಯಲಾಗದು. ಅದೇ 1976ರಲ್ಲಿ 42ನೆಯ ತಿದ್ದುಪಡಿ ಸಂವಿಧಾನಕ್ಕೆ ಮೂಲಭೂತ ಕರ್ತವ್ಯಗಳನ್ನು ಸೇರಿಸಿತು. ವೈಜ್ಞಾನಿಕ ಮನೋಭಾವ, ಮಾನವೀಯತೆ, ಜಿಜ್ಞಾಸೆ ಮತ್ತು ಸುಧಾರಣೆಯ ದೃಷ್ಟಿಯನ್ನು ಬೆಳೆಸಿಕೊಳ್ಳುವುದು ಪ್ರತಿ ಪ್ರಜೆಯ ಕರ್ತವ್ಯ ಎಂದು 51ಎ ವಿಧಿ ಹೇಳುತ್ತದೆ. ಪ್ರಶ್ನಿಸುವುದನ್ನು ಕರ್ತವ್ಯವೆಂದು ವಿಧಿಸಿದ ಸರ್ಕಾರ ಆ ಹೊತ್ತಿನಲ್ಲಿ ತನ್ನನ್ನು ಪ್ರಶ್ನಿಸಿದವರನ್ನು ಜೈಲಿನಲ್ಲಿಟ್ಟಿತ್ತು. ಬೆಂಗಳೂರಿನಲ್ಲಿ ಅದೇ ವರ್ಷ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರೀಕ್ಷಿಸಲು ಸಮಿತಿ ರಚಿಸಿದರು. ಅದು ಎಬ್ಬಿಸಿದ ಗದ್ದಲ ದೊಡ್ಡದು. ಅವರ ಬೇಡಿಕೆ ಮಾತ್ರ ಸರಳ: ಪವಾಡ ನಡೆಯುತ್ತದೆ ಎನ್ನುವವರು ಪರೀಕ್ಷೆಗೆ ಒಪ್ಪಲಿ.

ಆಕಾಶದಿಂದ ಇಳಿದ ಪಾಠ, ಕಾನೂನಿನಿಂದ ಬಂದ ಕರ್ತವ್ಯ, ಎದುರು ನಿಂತು ಕೇಳಿದ ಪ್ರಶ್ನೆ ಮೂರೂ ಒಂದೇ ವರ್ಷದವು. ವೈಜ್ಞಾನಿಕ ಮನೋಭಾವ ಎಂಬ ಒಂದೇ ಹೆಸರಿನಲ್ಲಿ ನಡೆದರೂ ಇವು ಮೂರು ಬೇರೆ ಕೆಲಸಗಳು. ಐದು ವರ್ಷದ ನಂತರ, 1981ರಲ್ಲಿ, ಪಿ.ಎನ್. ಹಕ್ಸರ್, ರಾಜಾ ರಾಮಣ್ಣ, ಪಿ.ಎಂ. ಭಾರ್ಗವ ಮುಂತಾದವರು ವೈಜ್ಞಾನಿಕ ಮನೋಭಾವದ ಬಗ್ಗೆ ಹೇಳಿಕೆಯೊಂದನ್ನು ಹೊರಡಿಸಿದಾಗ ಆಶಿಶ್ ನಂದಿ ಅದಕ್ಕೆ ಪ್ರತಿಹೇಳಿಕೆ ಬರೆದರು. ವಿಜ್ಞಾನವೇ ಹೊಸ ಪೌರೋಹಿತ್ಯವಾಗುವ, ಜನಸಾಮಾನ್ಯರ ತಿಳಿವಳಿಕೆಯನ್ನು ಕೀಳೆಂದು ಕಾಣುವ ಅಪಾಯ ಅವರ ಆಕ್ಷೇಪದ ತಿರುಳು. ನಂದಿಯವರ ಮಾತು ಕೆಲವು ಕಡೆ ಅತಿಗೆ ಹೋಗುತ್ತದೆ; ಸಿಡುಬಿಗೆ ಲಸಿಕೆ ಬೇಕೋ ಬೇಡವೋ ಎಂಬುದನ್ನು ಊರಿನ ನಂಬಿಕೆಗೆ ಬಿಡಲು ಬರುವುದಿಲ್ಲ. ಆದರೂ ಪೌರೋಹಿತ್ಯದ ಬಗೆಗಿನ ಎಚ್ಚರಿಕೆಯನ್ನು ತಳ್ಳಿಹಾಕಲಾಗದು.

2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಹಾರಿದ ಎಜುಸ್ಯಾಟ್ ಶಿಕ್ಷಣಕ್ಕೆಂದೇ ಮೀಸಲಾದ ದೇಶದ ಮೊದಲ ಉಪಗ್ರಹ. ತೂಕ 1,950 ಕಿಲೋ. ಅಶರೀರವಾಣಿಗೆ ಮರುಪ್ರಶ್ನೆ ಹಾಕುವ ದಾರಿ ಇದರಲ್ಲಿತ್ತು: ಕೆಲವು ಕೇಂದ್ರಗಳಿಂದ ವಿದ್ಯಾರ್ಥಿ ದೂರದ ಅಧ್ಯಾಪಕನಿಗೆ ಮಾತಿನಲ್ಲೇ ಪ್ರಶ್ನೆ ಕೇಳಬಹುದಿತ್ತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಕಾಲೇಜುಗಳು ಇದರ ಮೊದಲ ಬಳಕೆದಾರರಲ್ಲಿ ಸೇರಿದ್ದವು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೂ ಕನ್ನಡದ ಪಾಠಗಳು ಬಂದವು. ಅಲ್ಲಿ ಮಾತ್ರ ನೋಡುವುದಷ್ಟೇ, ಪ್ರಶ್ನೆ ಕೇಳುವಂತಿರಲಿಲ್ಲ. ಪ್ರಶ್ನೆ ಕೇಳುವ ಯಂತ್ರ ದುಬಾರಿ, ನೋಡುವ ಯಂತ್ರ ಅಗ್ಗ. ಹಾಗಾಗಿ ಎಂಜಿನಿಯರಿಂಗ್ ಓದುವ ಹುಡುಗನಿಗೆ ಸಿಕ್ಕ ಮರುಪ್ರಶ್ನೆಯ ಸವಲತ್ತು ಕಾಡಂಚಿನ ನಾಲ್ಕನೆಯ ತರಗತಿಯ ಹುಡುಗಿಗೆ ಸಿಗಲಿಲ್ಲ. ಉಪಗ್ರಹ 2010ರಲ್ಲಿ ನಿವೃತ್ತವಾಯಿತು. ಅದನ್ನು ಸರಿಯಾಗಿ ಬಳಸಿಕೊಳ್ಳಲಿಲ್ಲ ಎಂದು 2013ರ ಸಿಎಜಿ ವರದಿ ಕಟುವಾಗಿಯೇ ಬರೆಯಿತು.

ಹೋಲಿಕೆಗೆ ಇನ್ನೊಂದು ಪ್ರಯೋಗವನ್ನು ನೆನೆಯಬಹುದು. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ 1972ರಲ್ಲಿ ಶುರುವಾದ ವಿಜ್ಞಾನ ಬೋಧನಾ ಕಾರ್ಯಕ್ರಮದಲ್ಲಿ ಉಪಗ್ರಹವಿರಲಿಲ್ಲ. ಮಕ್ಕಳ ಕೈಗೆ ಸಾಮಾನುಗಳ ಒಂದು ಪೆಟ್ಟಿಗೆ ಸಿಗುತ್ತಿತ್ತು. ಪ್ರಯೋಗ ಅವರೇ ಮಾಡಬೇಕು, ಉತ್ತರವನ್ನೂ ಅವರೇ ಕಂಡುಕೊಳ್ಳಬೇಕು. ಮೂವತ್ತು ವರ್ಷ ನಡೆದ ಅದನ್ನು 2002ರಲ್ಲಿ ರಾಜ್ಯ ಸರ್ಕಾರ ನಿಲ್ಲಿಸಿತು. ಆಕಾಶಕ್ಕೆ ಹೋಗದ ಪಾಠಕ್ಕೆ ಪೋಷಕರು ಕಡಿಮೆ.

ಧರ್ಮದ ಮಾತು ಇಲ್ಲಿ ತಾನಾಗಿಯೇ ಬರುತ್ತದೆ. ಭಾರತದ ರಾಕೆಟ್ ವಿದ್ಯೆ ಹುಟ್ಟಿದ್ದೇ ಚರ್ಚಿನ ಮಡಿಲಲ್ಲಿ. ತಿರುವನಂತಪುರದ ಬಳಿಯ ತುಂಬಾದಲ್ಲಿ ಭೂಮಿಯ ಕಾಂತೀಯ ಸಮಭಾಜಕ ಹಾದುಹೋಗುತ್ತದೆ ಎಂಬ ಕಾರಣಕ್ಕೆ ವಿಕ್ರಮ್ ಸಾರಾಭಾಯಿ ಆ ಮೀನುಗಾರರ ಊರನ್ನು ಆರಿಸಿದರು. ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಜನರನ್ನು ಒಪ್ಪಿಸಿ ಸಂತ ಮೇರಿ ಮ್ಯಾಗ್ಡಲೀನ್ ಚರ್ಚನ್ನು ಬಿಟ್ಟುಕೊಟ್ಟರು. ಪ್ರಾರ್ಥನೆಯ ಮನೆ ಕಚೇರಿಯಾಯಿತು, 1963ರ ನವೆಂಬರ್ 21ರಂದು ಮೊದಲ ರಾಕೆಟ್ ಹಾರಿತು. ಈಗ ಅದೇ ಚರ್ಚು ಬಾಹ್ಯಾಕಾಶ ವಸ್ತುಸಂಗ್ರಹಾಲಯ. ಶಾಲೆಯ ಮಕ್ಕಳು ಸಾಲುಗಟ್ಟಿ ಬರುತ್ತಾರೆ. ಶ್ರದ್ಧೆ ಜಾಗ ಬಿಟ್ಟುಕೊಟ್ಟಿತು, ವಿಜ್ಞಾನ ಕಟ್ಟಡವನ್ನು ಕೆಡವಲಿಲ್ಲ. ಈ ಎರಡರ ನಡುವಿನ ಸಂಬಂಧಕ್ಕೆ ಇದಕ್ಕಿಂತ ಹದವಾದ ಉದಾಹರಣೆ ಸಿಗುವುದು ಕಷ್ಟ.

ಹದ ತಪ್ಪಿದ ಉದಾಹರಣೆಯೂ ಇದೆ. ಉಡಾವಣೆಗೆ ಮೊದಲು ಇಸ್ರೊ ಅಧ್ಯಕ್ಷರು ರಾಕೆಟ್ಟಿನ ಪುಟ್ಟ ಮಾದರಿಯನ್ನು ತಿರುಮಲೆಗೆ ಒಯ್ದು ದೇವರ ಮುಂದಿಡುವುದು ವರ್ಷಗಳಿಂದ ನಡೆದುಬಂದಿದೆ. 2013ರಲ್ಲಿ ಮಂಗಳಯಾನದ ಹೊತ್ತಿಗೆ, ಆಗಷ್ಟೇ ಭಾರತರತ್ನ ಘೋಷಣೆಯಾಗಿದ್ದ ಸಿ.ಎನ್.ಆರ್. ರಾವ್ ಇದನ್ನು ಮೂಢನಂಬಿಕೆ ಎಂದರು. ಪರ ವಹಿಸಿದವರ ವಾದ ಬೇರೆ: ಪೂಜೆ ಕಾರ್ಯಕಾರಣದ ಹೇಳಿಕೆಯಲ್ಲ, ವಿನಯದ ಮುದ್ರೆ. ದೊಡ್ಡ ಕೆಲಸಕ್ಕೆ ಕೈಹಾಕಿದವನು ಎಲ್ಲವೂ ತನ್ನ ಕೈಯಲ್ಲಿಲ್ಲ ಎಂದು ಒಪ್ಪಿಕೊಳ್ಳುವ ಕ್ರಮ ಅದು. ಮುಂಡಕೋಪನಿಷತ್ತು ಪರಾ ಮತ್ತು ಅಪರಾ ಎಂದು ಎರಡು ವಿದ್ಯೆಗಳನ್ನು ಬೇರ್ಪಡಿಸಿರುವಾಗ ಒಂದರ ಅಳತೆಗೋಲನ್ನು ಇನ್ನೊಂದಕ್ಕೆ ಹಿಡಿಯುವುದು ಸಲ್ಲದು. ಒಬ್ಬ ವ್ಯಕ್ತಿಯ ಭಕ್ತಿಯ ಮಟ್ಟಿಗೆ ಈ ವಾದ ನಿಲ್ಲುತ್ತದೆ. ಹಣೆಗೆ ಕುಂಕುಮ ಇಟ್ಟುಕೊಂಡ ಎಂಜಿನಿಯರಿನ ಲೆಕ್ಕ ತಪ್ಪಾಗಬೇಕಾಗಿಲ್ಲ.

ನಿಲ್ಲದೇ ಹೋಗುವ ಜಾಗ ಇನ್ನೊಂದಿದೆ. 2009ರ ಏಪ್ರಿಲ್ 20ರಂದು ಪಿಎಸ್‌ಎಲ್‌ವಿ ಸಿ-12 ರಾಕೆಟ್ ಅಣ್ಣಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಟ್ಟಿದ ಅನುಸ್ಯಾಟ್ ಎಂಬ ಉಪಗ್ರಹವನ್ನು ಕಕ್ಷೆಗೆ ಒಯ್ದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹಾರಿದ ಮುಂದಿನ ರಾಕೆಟ್ಟಿನ ಹೆಸರು ಸಿ-14. ಸಿ-13 ಎಂಬುದು ಇಲ್ಲವೇ ಇಲ್ಲ. ಹದಿಮೂರು ಅಶುಭ ಎಂಬುದು ಈ ನೆಲದ ನಂಬಿಕೆಯೂ ಅಲ್ಲ, ಪಶ್ಚಿಮದಿಂದ ಬಂದ ಸರಕು. ಇಲ್ಲಿ ಪರಾವಿದ್ಯೆಯ ಮಾತು ಎತ್ತಲೂ ದಾರಿಯಿಲ್ಲ. ಹನ್ನೆರಡರ ಮುಂದಿನದು ಎಷ್ಟು ಎಂದು ಮಗು ಕೇಳಿದರೆ ಸಂಸ್ಥೆಯ ಉಡಾವಣಾ ಪಟ್ಟಿ ಹದಿನಾಲ್ಕು ಎನ್ನುತ್ತದೆ. ಸಂಸ್ಥೆ ಪಾಠ ಮಾಡುವುದು ಪಾಠದ ಹೊತ್ತಿನಲ್ಲಿ ಮಾತ್ರ ಅಲ್ಲ.

ಈ ಇಬ್ಬಂದಿ ಹೊಸದೇನಲ್ಲ. ಗ್ರಹಣಕ್ಕೆ ಕಾರಣ ನೆರಳು ಎಂದು ಆರ್ಯಭಟ ಕ್ರಿ.ಶ. 499ರ ಸುಮಾರಿಗೆ ಬರೆದ. ಏಳನೆಯ ಶತಮಾನದ ಬ್ರಹ್ಮಗುಪ್ತ ರಾಹುವನ್ನು ಅಲ್ಲಗಳೆಯುವವರನ್ನು ಶಾಸ್ತ್ರದ ಹೆಸರಿನಲ್ಲಿ ಗದರಿದ. ಗ್ರಹಣದ ಲೆಕ್ಕ ಹಾಕಲು ಕೂತಾಗ ಮಾತ್ರ ನೆರಳನ್ನೇ ಹಿಡಿದ. ಹನ್ನೊಂದನೆಯ ಶತಮಾನದಲ್ಲಿ ಅಲ್‌ಬೆರೂನಿ ಇದನ್ನು ಗುರುತಿಸಿ, ಇಷ್ಟು ದೊಡ್ಡ ಪಂಡಿತ ಜನರಿಗೆ ಅಂಜಿ ಹೀಗೆ ಹೇಳಿರಬೇಕು ಎಂದು ಕನಿಕರದಿಂದಲೇ ಕುಟುಕಿದ್ದಾನೆ. ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರ ನೇತೃತ್ವದಲ್ಲಿ ತಯಾರಾಗಿ 1975ರ ಏಪ್ರಿಲ್ 19ರಂದು ಹಾರಿದ ಭಾರತದ ಮೊದಲ ಉಪಗ್ರಹಕ್ಕೆ ಆರ್ಯಭಟನ ಹೆಸರನ್ನೇ ಇಟ್ಟರು. ಹೆಸರಿನ ಜೊತೆಗೆ ಅವನ ನೆರಳಿನ ಪಾಠ ಎಷ್ಟು ದೂರ ಹೋಯಿತು?

2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಸಮೀಪದ ಹಳ್ಳಿಯೊಂದರಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ಕೂರಿಸಿದರು. ಗ್ರಹಣ ಬಿಡುವವರೆಗೆ ಹಾಗಿದ್ದರೆ ವೈಕಲ್ಯ ಗುಣವಾಗುತ್ತದೆ ಎಂಬ ನಂಬಿಕೆ. ಸೈಟ್ ಬಂದು ಹೋದ ಗುಲ್ಬರ್ಗ ಜಿಲ್ಲೆಯೇ ಅದು; ನಡುವೆ 44 ವರ್ಷ. ಗ್ರಹಣವೆಂದರೆ ನೆರಳು ಎಂಬ ಪಾಠ ಅಲ್ಲಿನ ಪಠ್ಯಪುಸ್ತಕದಲ್ಲೂ ಇತ್ತು. ಇದನ್ನು ಇಸ್ರೊದ ಸೋಲೆನ್ನುವುದು ಮೂರ್ಖತನ, ಆ ತಂದೆತಾಯಿಯರನ್ನು ಹಳಿಯುವುದು ನಿಷ್ಕರುಣೆ. ಎಲ್ಲ ಬಾಗಿಲು ತಟ್ಟಿ ಸೋತವರು ಯಾರೋ ಹೇಳಿದ ಮಾತಿಗೆ ಜೋತುಬಿದ್ದರು. ಆದರೆ ಒಂದು ಸಂಗತಿ ಇಲ್ಲಿ ನಿಚ್ಚಳವಾಗುತ್ತದೆ. ಎರಡು ಆಪ್ತವಾಕ್ಯಗಳು ಎದುರುಬದುರಾದಾಗ ಗೆಲ್ಲುವುದು ಹತ್ತಿರದ ದನಿ. ಆಕಾಶದ ದನಿ ಎಷ್ಟು ನಿಜವಾಗಿದ್ದರೂ ದೂರದ್ದು. ಒಂದು ಆಪ್ತವಾಕ್ಯವನ್ನು ಇನ್ನೊಂದರಿಂದ ಸೋಲಿಸಲು ಹೋಗುವ ಶಿಕ್ಷಣ ಕೊನೆಗೆ ದನಿಯ ಬಲದ ಪಂದ್ಯವಾಗುತ್ತದೆ.

ಬೇರೆ ದಾರಿಯೆಂದರೆ ಒರೆಗಲ್ಲನ್ನೇ ಮಗುವಿನ ಕೈಗೆ ಕೊಡುವುದು. ಇಸ್ರೊದ ಶಿಕ್ಷಣ ಕಾರ್ಯಗಳಲ್ಲಿ ಇದು ಎಲ್ಲೆಲ್ಲಿ ಆಗಿದೆಯೋ ಅಲ್ಲಲ್ಲಿ ಅದು ಗಟ್ಟಿಯಾಗಿದೆ. 2019ರಲ್ಲಿ ಶುರುವಾದ ಯುವಿಕಾ ಶಿಬಿರ ಒಂಬತ್ತನೆಯ ತರಗತಿಯ ಮಕ್ಕಳನ್ನು ಬೇಸಿಗೆಯಲ್ಲಿ ಎರಡು ವಾರ ಸಂಸ್ಥೆಯ ಕೇಂದ್ರಗಳಲ್ಲಿ ಇರಿಸಿಕೊಂಡು ಪ್ರಯೋಗಶಾಲೆ ತೋರಿಸುತ್ತದೆ, ಗ್ರಾಮೀಣ ಮಕ್ಕಳಿಗೆ ಆಯ್ಕೆಯಲ್ಲಿ ಹೆಚ್ಚಿನ ಅಂಕವಿದೆ. ಒಳ್ಳೆಯ ಯೋಜನೆ, ಆದರೆ ವರ್ಷಕ್ಕೆ ಕೆಲವು ನೂರು ಮಕ್ಕಳಷ್ಟೆ. ಅಂಕ ನೋಡಿ ಆರಿಸಿ ತರುವುದರಿಂದ ಈಗಾಗಲೇ ಹೊತ್ತಿದ ದೀಪಕ್ಕೇ ಎಣ್ಣೆ. 2007ರಲ್ಲಿ ಶುರುವಾಗಿ ಈಗ ತಿರುವನಂತಪುರದ ವಲಿಯಮಲದಲ್ಲಿರುವ ಬಾಹ್ಯಾಕಾಶ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇಸ್ರೊಗೆ ಬೇಕಾದ ಎಂಜಿನಿಯರುಗಳನ್ನು ತಯಾರಿಸುತ್ತದೆ. ಅದರ ಉದ್ದೇಶವೇ ಅದು.

ಹೆಚ್ಚು ಹೇಳಬೇಕಾದದ್ದು ಪುಟ್ಟ ಉಪಗ್ರಹಗಳ ಬಗ್ಗೆ. ಬೆಂಗಳೂರು ಮತ್ತು ಹೈದರಾಬಾದಿನ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ಕಟ್ಟಿದ ಸ್ಟಡ್‌ಸ್ಯಾಟ್ 2010ರ ಜುಲೈ 12ರಂದು ಹಾರಿತು. ತೂಕ ಒಂದು ಕಿಲೋಗಿಂತ ಕಡಿಮೆ. ಒಂದು ಸೇರು ಅಕ್ಕಿ ಹಿಡಿಸುವ ಡಬ್ಬಿಯಷ್ಟು ಗಾತ್ರ. 2016ರಲ್ಲಿ ಬೆಂಗಳೂರಿನ ಪಿಇಎಸ್ ವಿಶ್ವವಿದ್ಯಾಲಯದ ಪೈಸ್ಯಾಟ್ ಹೋಯಿತು. ಇಂಥ ಡಬ್ಬಿ ಕಟ್ಟುವ ವಿದ್ಯಾರ್ಥಿಗೆ ಪುಸ್ತಕದ ಯಾವ ಮಾತೂ ನೆರವಿಗೆ ಬರದ ಗಳಿಗೆಗಳಿರುತ್ತವೆ. ಬೆಸುಗೆ ಹಾಕಿದ ತಂತಿ ಕಂಪನ ಪರೀಕ್ಷೆಯಲ್ಲಿ ಕಳಚಿ ಬಿದ್ದರೆ ಅದನ್ನು ವಾದದಿಂದ ಮತ್ತೆ ಕೂಡಿಸಲು ಬರುವುದಿಲ್ಲ. ನೈಯಾಯಿಕರು ಹೇಳಿದ ನೀರಿನ ಪರೀಕ್ಷೆ ಇದೇ.

2022ರ ಆಗಸ್ಟ್ 7ರ ಘಟನೆ ಇನ್ನೂ ಬೆಲೆಯುಳ್ಳದ್ದು. ದೇಶದ 75 ಸರ್ಕಾರಿ ಶಾಲೆಗಳ 750 ಹುಡುಗಿಯರು ಕೈಜೋಡಿಸಿದ ಆಜಾದಿಸ್ಯಾಟ್, ಇಸ್ರೊದ ಹೊಸ ಸಣ್ಣ ರಾಕೆಟ್ ಎಸ್‌ಎಸ್‌ಎಲ್‌ವಿಯ ಮೊದಲ ಹಾರಾಟದಲ್ಲಿ ಹೋಯಿತು. 356 ಕಿಲೋಮೀಟರ್ ಎತ್ತರದ ದುಂಡು ಕಕ್ಷೆಗೆ ಸೇರಬೇಕಿದ್ದ ಉಪಗ್ರಹ, ಭೂಮಿಗೆ 76 ಕಿಲೋಮೀಟರ್‌ವರೆಗೂ ಹತ್ತಿರ ಬರುವ ಉದ್ದನೆಯ ಕಕ್ಷೆಗೆ ಬಿತ್ತು; ಉಳಿಯಲಿಲ್ಲ. ಇಸ್ರೊ ಕಾರಣ ಪ್ರಕಟಿಸಿತು. ರಾಕೆಟ್ಟಿನ ಎರಡನೆಯ ಹಂತ ಕಳಚುವಾಗ ನಿರೀಕ್ಷೆಗಿಂತ ಜೋರಾದ ಕಂಪನ ಒಂದು ಕ್ಷಣ ಹುಟ್ಟಿತು. ವೇಗೋತ್ಕರ್ಷ ಅಳೆಯುವ ಸಂವೇದಕಗಳು ಅದನ್ನು ತಾಳದಾದವು. ಸಂವೇದಕಗಳೇ ಕೆಟ್ಟಿವೆ ಎಂದು ಯಂತ್ರದ ತರ್ಕ ತಪ್ಪಾಗಿ ತೀರ್ಮಾನಿಸಿತು. ಆರು ತಿಂಗಳ ನಂತರ, 2023ರ ಫೆಬ್ರವರಿ 10ರಂದು, ಅದೇ ಮಕ್ಕಳ ಎರಡನೆಯ ಉಪಗ್ರಹ ಸರಿಯಾಗಿ ಕಕ್ಷೆ ಸೇರಿತು. ಈ ಎರಡು ದಿನಾಂಕಗಳ ನಡುವೆ ಆ ಹುಡುಗಿಯರಿಗೆ ಸಿಕ್ಕಿದ್ದು ಯಾವ ಟೀವಿ ಪಾಠದಲ್ಲೂ ಸಿಗುವಂಥದ್ದಲ್ಲ: ಆಪ್ತನೂ ತಪ್ಪಬಹುದು, ತಪ್ಪಿದ್ದು ಎಲ್ಲಿ ಎಂದು ತಾನೇ ಹುಡುಕಿ ಹೇಳುವುದರಿಂದಲೇ ಅವನು ಆಪ್ತ.

ಈ ದೃಷ್ಟಿಯಿಂದ 2019ರ ಸೆಪ್ಟೆಂಬರ್ 6-7ರ ನಡುವಿನ ರಾತ್ರಿ ಅರ್ಧ ಕೈಬಿಟ್ಟುಹೋದ ಪಾಠ. ಚಂದ್ರಯಾನ-2ರ ವಿಕ್ರಮ್ ಇಳಿಯುವುದನ್ನು ನೋಡಲು ರಸಪ್ರಶ್ನೆಯಲ್ಲಿ ಗೆದ್ದ ಮಕ್ಕಳನ್ನು ದೇಶದ ಎಲ್ಲೆಡೆಯಿಂದ ಪೀಣ್ಯದಲ್ಲಿರುವ ಇಸ್ರೊ ಕೇಂದ್ರ ಇಸ್ಟ್ರ್ಯಾಕ್‌ಗೆ ಕರೆಸಿದ್ದರು. ನಡುರಾತ್ರಿ ಕಳೆದು ಎರಡು ಗಂಟೆ ಸಮೀಪಿಸುವ ಹೊತ್ತಿಗೆ ಪರದೆಯ ಮೇಲಿನ ಗೆರೆ ನಿಗದಿತ ದಾರಿ ಬಿಟ್ಟು ವಾಲಿತು, 2.1 ಕಿಲೋಮೀಟರ್ ಎತ್ತರದವರೆಗೆ ಎಲ್ಲ ಸರಿಯಿತ್ತು, ಆಮೇಲೆ ಸಂಪರ್ಕ ಕಡಿಯಿತು ಎಂದು ಪ್ರಕಟಿಸಿದರು. ಸೋಲನ್ನು ಮಕ್ಕಳು ಕಣ್ಣಾರೆ ಕಂಡರು, ಅದು ದೊಡ್ಡದು. ಸೋಲಿನ ಕಾರಣ ಜನರಿಗೆ ಬಿಡಿಬಿಡಿಯಾಗಿ ತಿಳಿದದ್ದು ಮಾತ್ರ 2023ರಲ್ಲಿ, ಚಂದ್ರಯಾನ-3 ಹೊರಡುವ ಮುನ್ನ. ಎಂಜಿನ್‌ಗಳ ನೂಕುಬಲ ಎಣಿಸಿದ್ದಕ್ಕಿಂತ ಹೆಚ್ಚಾಗಿತ್ತು, ನೌಕೆ ಬೇಗ ತಿರುಗಬೇಕಾದಾಗ ತಂತ್ರಾಂಶದ ಮಿತಿ ತಡೆಯಿತು, ಇಳಿಯಲು ಗುರುತಿಸಿದ್ದ ಜಾಗ 500 ಮೀಟರ್ ಚೌಕ, ತೀರಾ ಇಕ್ಕಟ್ಟು ಎಂದು ಆಗಿನ ಅಧ್ಯಕ್ಷ ಎಸ್. ಸೋಮನಾಥ್ ವಿವರಿಸಿದರು. ಈ ಸಲ ಏನೇನು ಕೆಡಬಹುದು ಎಂಬುದನ್ನು ಮೊದಲು ಎಣಿಸಿ ವಿನ್ಯಾಸ ಮಾಡಿದ್ದೇವೆ ಎಂದೂ ಹೇಳಿದರು. ದೂರದ ಬೆಟ್ಟ ನುಣ್ಣಗೆ. ದೂರದ ಚಂದ್ರನೂ ಅಷ್ಟೆ. ಸೋಮನಾಥ್ ಅವರ ಆ ಮಾತುಗಳು 2019ರ ಚಳಿಗಾಲದಲ್ಲೇ ಶಾಲೆಗಳಿಗೆ ತಲುಪಿದ್ದರೆ ಆ ರಾತ್ರಿ ಕಂಡ ಸೋಲಿನ ದೃಶ್ಯಕ್ಕಿಂತ ಹೆಚ್ಚು ಕಲಿಸುತ್ತಿದ್ದವು.

ಪ್ರಶ್ನೆ ಕೇಳದೆ ಬಿಟ್ಟರೆ ಪ್ರತ್ಯಕ್ಷವೂ ಮೋಸ ಮಾಡುತ್ತದೆ. 1981ರ ಒಂದು ಛಾಯಾಚಿತ್ರ ಪ್ರಸಿದ್ಧ: ಎತ್ತಿನ ಗಾಡಿಯ ಮೇಲೆ ಆ್ಯಪಲ್ ಉಪಗ್ರಹ. ಬಡ ದೇಶ ಲಾರಿಗೆ ದುಡ್ಡಿಲ್ಲದೆ ಗಾಡಿಯಲ್ಲಿ ಉಪಗ್ರಹ ಸಾಗಿಸಿತು ಎಂದು ಇದನ್ನು ಭಾಷಣಗಳಲ್ಲಿ ಹೆಮ್ಮೆಯಿಂದಲೇ ಬಣ್ಣಿಸುತ್ತಾರೆ. ನಿಜವಾದ ಕಾರಣ ತಾಂತ್ರಿಕ. ಆಂಟೆನಾ ಪರೀಕ್ಷಿಸುವಾಗ ಸುತ್ತ ಲೋಹವಿರಬಾರದಿತ್ತು, ಲಾರಿಯ ಮೈಯೆಲ್ಲ ಲೋಹ, ಗಾಡಿ ಬಹುಪಾಲು ಮರ. ಚಿತ್ರ ಎಲ್ಲರೂ ನೋಡಿದ್ದೇ. ಗಾಡಿಯೇ ಯಾಕೆ ಎಂದು ಕೇಳಿದವರಿಗೆ ಮಾತ್ರ ಅದು ವಿಜ್ಞಾನದ ಪಾಠವಾಯಿತು, ಉಳಿದವರಿಗೆ ಪುರಾಣವಾಯಿತು.

ಈಗೀಗ ಇಸ್ರೊ ಕೆಲಸ ಮುಗಿದ ರಾಕೆಟ್ಟಿನ ಕೊನೆಯ ಹಂತವನ್ನೇ ಕೆಲಕಾಲ ಕಕ್ಷೆಯಲ್ಲಿ ಪ್ರಯೋಗಶಾಲೆಯಾಗಿ ಇಟ್ಟುಕೊಂಡು ಕಾಲೇಜುಗಳಿಗೂ ಅದರಲ್ಲಿ ಜಾಗ ಕೊಡುತ್ತಿದೆ. 2024ರ ಡಿಸೆಂಬರ್ 30ರಂದು ಹಾರಿದ ಪಿಎಸ್‌ಎಲ್‌ವಿ ಸಿ-60ರಲ್ಲಿ ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳ ಸೂಕ್ಷ್ಮಜೀವಿಗಳ ಪ್ರಯೋಗವಿತ್ತು. ಅದೇ ಹಂತದಲ್ಲಿ ಇಸ್ರೊದ್ದೇ ಇನ್ನೊಂದು ಚಿಕ್ಕ ಪೆಟ್ಟಿಗೆ ಇತ್ತು, ಒಳಗೆ ಎಂಟು ಅಲಸಂದೆ ಕಾಳು. ನಾಲ್ಕನೆಯ ದಿನಕ್ಕೆ ಮೊಳಕೆ ಬಂತು, ಆಮೇಲೆ ಎಲೆಯೂ ಒಡೆಯಿತು; ಚಿತ್ರಗಳನ್ನು ಎಲ್ಲರೂ ನೋಡಿದರು. ಮಂಗಳನಾಗಲಿ ಸೂರ್ಯನಾಗಲಿ ಶಾಲೆಯ ಅಂಗಳಕ್ಕೆ ಬರುವುದಿಲ್ಲ. ಅಲಸಂದೆ ಅಡುಗೆಮನೆಯ ಡಬ್ಬಿಯಲ್ಲೇ ಇದೆ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮನೆಯಲ್ಲಿ ಅದು ಎರಡನೆಯ ದಿನಕ್ಕೇ ಮೊಳೆಯುತ್ತದೆ. ಕಕ್ಷೆಯಲ್ಲಿ ನಾಲ್ಕು ದಿನ ಹಿಡಿಯಿತು.